ದಾನಕ್ಕೆ ಮತದ ಷರತ್ತು: ಕಪಿಲಾ ತೀರದಿಂದ ಒಂದು ಅವಲೋಕನ

ನಂಜನಗೂಡು/ತಿ.ನರಸೀಪುರ: ಕಪಿಲಾ ನದಿಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನ ಮುಗಿಸಿದ ಭಕ್ತರು ದಾಸೋಹದ ಸಾಲಿನಲ್ಲಿ ಬಂದು ನಿಲ್ಲುವುದು ನಂಜನಗೂಡಿನ ಪರಿಚಿತ ನೋಟ. ಊಟಕ್ಕೆ ಕುಳಿತವನ ಮತ ಯಾವುದು, ನಾಳೆಯೂ ಆತ ಇದೇ ದೇವರಿಗೆ ಕೈಮುಗಿಯುವನೇ ಎಂದು ಬಡಿಸುವವರು ಕೇಳುವುದಿಲ್ಲ. ಅದೇ ಅನ್ನವನ್ನು, ಅದೇ ಔಷಧಿಯನ್ನು, ಅದೇ ಶಾಲೆಯ ಶುಲ್ಕವನ್ನು 'ನಮ್ಮ ಮತಕ್ಕೆ ಬಂದರೆ ಕೊಡುತ್ತೇವೆ' ಎಂದು ಒಬ್ಬರು ಹೇಳಿದರೆ ಅದನ್ನು ದಾನವೆಂದು ಕರೆಯಬೇಕೇ, ಆಮಿಷವೆಂದು ಕರೆಯಬೇಕೇ ಎಂಬುದು ರಾಜ್ಯದಲ್ಲಿ ಪದೇಪದೇ ಎದ್ದು ನಿಂತಿರುವ ಪ್ರಶ್ನೆ. 2022ರಲ್ಲಿ ಈ ಪ್ರಶ್ನೆಗೆ ಕಾನೂನಿನ ರೂಪವೂ ದೊರೆಯಿತು.

ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಈ ಚರ್ಚೆಗೆ ತಕ್ಕ ನೆಲ. ಒಂದು ಕಡೆ 'ದಕ್ಷಿಣ ಕಾಶಿ' ಎಂದು ಹೆಸರಾದ ದೇಗುಲ ಮತ್ತು ಸುತ್ತೂರು ಮಠ, ಇನ್ನೊಂದು ಕಡೆ ಕಾವೇರಿ-ಕಪಿಲೆಯರ ಸಂಗಮ, ಗುಂಜಾ ನರಸಿಂಹಸ್ವಾಮಿಯ ಸನ್ನಿಧಿ ಮತ್ತು 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಸಿಕೊಂಡು ಬಂದ ಕುಂಭಮೇಳ. ಇವೆರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಜಾತಿಗೆ ಮೀಸಲು. ಅರ್ಥಾತ್, ದಾನ ಕೊಡುವ ಸಂಸ್ಥೆಗಳೂ ಮತಾಂತರದ ಚರ್ಚೆಯಲ್ಲಿ ಯಾರ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆಯೋ ಆ ಜನರೂ ಇಲ್ಲಿ ಅಕ್ಕಪಕ್ಕದಲ್ಲೇ ಇದ್ದಾರೆ.

ಧರ್ಮಗ್ರಂಥಗಳು ಏನೆನ್ನುತ್ತವೆ?

ಷರತ್ತಿಲ್ಲದ ದಾನವೇ ಶ್ರೇಷ್ಠ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ ಎಂಬುದು ವೇದಿಕೆಯ ಮೇಲಿನ ಸವಕಲು ಮಾತು. ವಾಸ್ತವ ಅಷ್ಟು ಸರಳವಲ್ಲ. ಭಗವದ್ಗೀತೆಯ 17ನೇ ಅಧ್ಯಾಯವು ಪ್ರತಿಫಲದ ಅಪೇಕ್ಷೆಯಿಲ್ಲದೆ ಯೋಗ್ಯ ದೇಶ, ಕಾಲ, ಪಾತ್ರಗಳಲ್ಲಿ ಕೊಟ್ಟದ್ದನ್ನು ಸಾತ್ವಿಕ ದಾನವೆಂದೂ, ಮರಳಿ ಏನನ್ನಾದರೂ ಪಡೆಯುವ ಉದ್ದೇಶದಿಂದ ಕೊಟ್ಟದ್ದನ್ನು ರಾಜಸ ದಾನವೆಂದೂ ವಿಂಗಡಿಸುತ್ತದೆ. ಆದರೆ 'ಪಾತ್ರ' ಎಂಬ ಮಾತಿನ ಮೂಲಕವೇ ಯಾರಿಗೆ ಕೊಡಬೇಕು, ಯಾರಿಗೆ ಬಾರದು ಎಂಬ ಜಾತಿಯ ಲೆಕ್ಕಾಚಾರ ಒಳನುಸುಳಿದ್ದನ್ನು ಮರೆಯುವಂತಿಲ್ಲ. ದೇವಾಲಯಗಳ ಅನ್ನದಾನದಲ್ಲಿ ಪಂಕ್ತಿಭೇದವಿಲ್ಲದ ಒಂದೇ ಸಾಲು ಎಂಬುದು ನಮ್ಮ ನಾಡಿನಲ್ಲಿ ತೀರ ಹಳೆಯ ಸಂಗತಿಯೇನೂ ಅಲ್ಲ. ಹನ್ನೆರಡನೇ ಶತಮಾನದ ಶರಣರು 'ದಾನ' ಎಂಬ ಪದವನ್ನೇ ಬದಿಗಿಟ್ಟು 'ದಾಸೋಹ' ಎಂದದ್ದು ಇದರಿಂದಲೇ ಇರಬೇಕು. ದಾನದಲ್ಲಿ ಕೊಡುವವನು ಮೇಲಿರುತ್ತಾನೆ. ದಾಸೋಹದಲ್ಲಿ ಕೊಡುವವನೇ ಸೇವಕ.

ಜೈನರು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಹೇಳಿದರು. ಇದರಲ್ಲಿ ಶಾಸ್ತ್ರದಾನವೂ ಸೇರಿರುವುದನ್ನು ಗಮನಿಸಬೇಕು. ಅನ್ನದ ಜೊತೆಗೆ ಅರಿವನ್ನೂ ಕೊಡುವುದು ಪುಣ್ಯವೆಂದಾದರೆ ತನ್ನ ಮತದ ಅರಿವನ್ನು ಕೊಡುವುದೂ ಪುಣ್ಯವೇ ಆಗುತ್ತದೆ.

ಈ ವಿಷಯದಲ್ಲಿ ಅತ್ಯಂತ ನೇರವಾದ ಉಲ್ಲೇಖ ಇರುವುದು ಇಸ್ಲಾಮಿನಲ್ಲಿ. ಕುರ್‌ಆನ್‌ನ 9ನೇ ಅಧ್ಯಾಯ ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಸಿಲುಕಿದವರು, ದಾರಿಹೋಕರು ಮುಂತಾದವರ ಜೊತೆಗೆ, ಯಾರ ಹೃದಯಗಳನ್ನು ಒಲಿಸಿಕೊಳ್ಳಬೇಕಾಗಿದೆಯೋ ಅಂಥವರ ವರ್ಗವೂ ಅಲ್ಲಿದೆ. ಎರಡನೆಯ ಖಲೀಫ ಉಮರ್ ಅವರು, ಧರ್ಮ ಬಲಗೊಂಡಿರುವುದರಿಂದ ಇನ್ನು ಹೃದಯಗಳನ್ನು ಹಣದಿಂದ ಒಲಿಸಿಕೊಳ್ಳುವ ಅಗತ್ಯವಿಲ್ಲವೆಂದು ಈ ಪಾಲನ್ನು ನಿಲ್ಲಿಸಿದರು ಎಂಬುದು ಪರಂಪರೆಯ ನಿರೂಪಣೆ. ಹನಫಿ ಪಂಥದ ವಿದ್ವಾಂಸರು ಇದನ್ನೇ ಆಧರಿಸಿ ಆ ವರ್ಗ ಇನ್ನಿಲ್ಲವೆಂದರು. ಬೇರೆ ಪಂಥಗಳ ಹಲವರು ಅಗತ್ಯ ಬಿದ್ದಾಗ ಅದು ಮತ್ತೆ ಜಾರಿಗೆ ಬರಬಹುದೆಂದರು. ಅದೇ ಗ್ರಂಥದ ಎರಡನೆಯ ಅಧ್ಯಾಯದಲ್ಲಿ, ಜನರನ್ನು ಸನ್ಮಾರ್ಗಕ್ಕೆ ತರುವ ಹೊಣೆ ಪ್ರವಾದಿಯದಲ್ಲ, ದೇವರದು ಎಂಬ ಮಾತು ದಾನದ ಪ್ರಸ್ತಾಪದ ನಡುವೆಯೇ ಬರುತ್ತದೆ. ಮುಸ್ಲಿಮೇತರರಿಗೆ ಐಚ್ಛಿಕ ದಾನ ನೀಡಬಹುದು ಎಂಬುದಕ್ಕೆ ವ್ಯಾಖ್ಯಾನಕಾರರು ಇದನ್ನು ಆಧಾರವಾಗಿ ತೋರಿಸುತ್ತಾರೆ. ಒಂದೇ ಧರ್ಮದೊಳಗೆ ಎರಡೂ ಎಳೆಗಳಿದ್ದವು, ಎರಡರ ಬಗೆಗೂ ವಾದ ನಡೆದಿತ್ತು ಎಂಬುದು ಇಲ್ಲಿ ಮುಖ್ಯ.

ಕ್ರೈಸ್ತರ ಮತ್ತಾಯನ ಸುವಾರ್ತೆಯು ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ದಾನ ಮಾಡಬೇಕೆಂದು ಬೋಧಿಸುತ್ತದೆ. ಅದೇ ಸುವಾರ್ತೆಯ ಕೊನೆಯಲ್ಲಿ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಬೇಕೆಂಬ ಆಜ್ಞೆಯೂ ಇದೆ. ಮಿಷನರಿ ಸೇವೆಯ ಇಡೀ ಇತಿಹಾಸ ಈ ಎರಡು ಆದೇಶಗಳ ನಡುವಿನ ಎಳೆದಾಟವೆಂದರೂ ಸಲ್ಲುತ್ತದೆ.

ಬೌದ್ಧ ಪರಂಪರೆಯ ಉಪಾಲಿ ಗೃಹಪತಿಯ ಕಥೆಯನ್ನು ಈ ಸಂದರ್ಭದಲ್ಲಿ ನೆನೆಯಲೇಬೇಕು. ನಾಲಂದದ ಸಿರಿವಂತನಾದ ಉಪಾಲಿ ಜೈನ ಮುನಿಗಳ ಅನುಯಾಯಿ. ಬುದ್ಧನನ್ನು ವಾದದಲ್ಲಿ ಸೋಲಿಸಲು ಹೋಗಿ ತಾನೇ ಸೋತು ಶರಣಾಗುತ್ತಾನೆ. ಬುದ್ಧ ಅವನಿಗೆ ಮೊದಲು ಹೇಳುವುದು ಆತುರಪಡದೆ ಚೆನ್ನಾಗಿ ಯೋಚಿಸು ಎಂದು. ಆಮೇಲೆ, ಇಷ್ಟು ಕಾಲ ನಿನ್ನ ಮನೆ ಜೈನ ಮುನಿಗಳಿಗೆ ಬಾವಿಯಂತಿತ್ತು, ಅವರು ಬಂದಾಗ ಭಿಕ್ಷೆ ನೀಡುವುದನ್ನು ನಿಲ್ಲಿಸಬೇಡ ಎಂದು ತಿಳಿಹೇಳುತ್ತಾನೆ. ಮತ ಬದಲಾಯಿತು, ದಾನದ ದಿಕ್ಕು ಬದಲಾಗಲಿಲ್ಲ.

ದೊಡ್ಡಸ್ವಾಮಿಗಳ ಲೆಕ್ಕ

ಇನ್ನು ಮೈಸೂರು ಸೀಮೆಯ ಇತಿಹಾಸಕ್ಕೆ ಬರೋಣ. ನಂಜನಗೂಡಿನ ದೇಗುಲದಲ್ಲಿ ಪೂಜೆಗೊಳ್ಳುವ ಪಚ್ಚೆಲಿಂಗದ ಐತಿಹ್ಯವನ್ನು ಓದುಗರು ಬಲ್ಲರು. ಪಟ್ಟದ ಆನೆಯ ಕಣ್ಣು ಕಾಣದಾದಾಗ ಟಿಪ್ಪು ಸುಲ್ತಾನ್ ಇಲ್ಲಿ ಹರಕೆ ಹೊತ್ತನೆಂದೂ, ಗುಣವಾದ ಮೇಲೆ ಪಚ್ಚೆಯ ಲಿಂಗವನ್ನು ಒಪ್ಪಿಸಿ ದೇವರನ್ನು 'ಹಕೀಮ ನಂಜುಂಡ' ಎಂದು ಕರೆದನೆಂದೂ ಪ್ರತೀತಿ. ಕೊಟ್ಟವನೂ ಮತ ಬದಲಿಸಲಿಲ್ಲ, ಪಡೆದ ದೇವರೂ ಬದಲಾಗಲಿಲ್ಲ. ಅದೇ ದೊರೆ 1784ರಲ್ಲಿ ಮಂಗಳೂರು ಕಡೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಅವರಲ್ಲಿ ಹಲವರನ್ನು ಬಲವಂತವಾಗಿ ಮತಾಂತರಿಸಿದ್ದು ಕೂಡ ಇತಿಹಾಸವೇ. ಬಲವಂತಕ್ಕೂ ದಾನಕ್ಕೂ ಇರುವ ದೂರ ಎಲ್ಲರಿಗೂ ಕಾಣುತ್ತದೆ. ಆಮಿಷಕ್ಕೂ ದಾನಕ್ಕೂ ಇರುವ ಗೆರೆ ಹಾಗೆ ಸುಲಭವಾಗಿ ಕಾಣುವುದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯೂಬುವಾ. ಕಾವಿ ತೊಟ್ಟು, ಸಸ್ಯಾಹಾರ ಸೇವಿಸಿ, ಇಲ್ಲಿನವರಂತೆಯೇ ಬಾಳಿದ ಅವರನ್ನು ಜನ 'ದೊಡ್ಡಸ್ವಾಮಿಗಳು' ಎಂದರು. ಸಿಡುಬಿಗೆ ಲಸಿಕೆ ಹಾಕುವ ಹೊಸ ವಿಧಾನವನ್ನು ಅವರು 1803-04ರ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಹರಡಿದರು. ಆ ಅವಧಿಯಲ್ಲಿ 25 ಸಾವಿರಕ್ಕೂ ಹೆಚ್ಚು ಜನ ಲಸಿಕೆ ಪಡೆದರೆಂದು ದಾಖಲೆಗಳು ಹೇಳುತ್ತವೆ. ಸಿಡುಬನ್ನು ಅಮ್ಮನ ಕೃಪೆಯೆಂದು ನಂಬಿದ್ದ ಹಳ್ಳಿಗಳಲ್ಲಿ ಈ ಕೆಲಸ ಹಗುರದ್ದಾಗಿರಲಿಲ್ಲ.

ಇದೇ ಪಾದ್ರಿ ಸ್ವದೇಶಕ್ಕೆ ಮರಳಿದ ಮೇಲೆ, 1823ರಲ್ಲಿ, ಭಾರತದಲ್ಲಿ ಕ್ರೈಸ್ತ ಮತದ ಸ್ಥಿತಿಗತಿಯ ಕುರಿತ ತಮ್ಮ ಪತ್ರಗಳನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅಲ್ಲಿ ಅವರು ಮಾಡಿಕೊಂಡ ಆತ್ಮನಿವೇದನೆ ಅಪರೂಪದ್ದು. ಮೂರು ದಶಕದ ಸೇವೆಯಲ್ಲಿ ತಾವು ಮತಾಂತರಿಸಿದ್ದು ಇನ್ನೂರು-ಮುನ್ನೂರು ಜನರನ್ನು ಮಾತ್ರ. ಅವರಲ್ಲಿ ಮೂರನೇ ಎರಡು ಪಾಲು ಅಸ್ಪೃಶ್ಯರು ಅಥವಾ ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದು, ಮದುವೆಯ ಸಂಬಂಧಕ್ಕಾಗಿಯೋ ಬೇರೆ ಸ್ವಾರ್ಥಕ್ಕಾಗಿಯೋ ಬಂದವರು ಎಂದು ಅವರು ಬರೆದರು. ಮತಾಂತರದ ಯತ್ನವೇ ನಿಷ್ಫಲವೆಂಬುದು ಅವರ ನಿರ್ಣಯ. ಇತರ ಮಿಷನರಿಗಳು ಈ ನಿರ್ಣಯವನ್ನು ಕಟುವಾಗಿ ವಿರೋಧಿಸಿ ಉತ್ತರ ಬರೆದದ್ದೂ ಉಂಟು. ದ್ಯೂಬುವಾರ ಜಾತಿ ಕುರಿತ ಅಭಿಪ್ರಾಯಗಳನ್ನು ಇಂದು ಯಾರೂ ಒಪ್ಪಲಾರರು. ಆದರೂ ಅವರ ಎರಡು ಲೆಕ್ಕಗಳನ್ನು ಎದುರುಬದುರು ಇಟ್ಟು ನೋಡಬೇಕು: ಲಸಿಕೆ ಪಡೆದವರು 25 ಸಾವಿರ, ಮತ ಬದಲಿಸಿದವರು ಮುನ್ನೂರರೊಳಗೆ. ಲಸಿಕೆಗೆ ಮತದ ಷರತ್ತು ಹಾಕಿದ್ದರೆ ಎಷ್ಟು ಮಕ್ಕಳು ಸಿಡುಬಿಗೆ ಬಲಿಯಾಗುತ್ತಿದ್ದರೋ!

1876-78ರ ಮಹಾಕ್ಷಾಮದಲ್ಲಿ ಈ ಪ್ರಶ್ನೆ ಇನ್ನಷ್ಟು ಕಠೋರವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಅನಾಥರಾದ ಮಕ್ಕಳನ್ನು ಮಿಷನ್ನುಗಳು ಎತ್ತಿಕೊಂಡು ಅನಾಥಾಲಯಗಳಲ್ಲಿ ಸಾಕಿದವು. ಆ ಮಕ್ಕಳು ಸಹಜವಾಗಿಯೇ ಕ್ರೈಸ್ತರಾಗಿ ಬೆಳೆದರು. ಹೊಟ್ಟೆಪಾಡಿಗೆ ಮತ ಬದಲಿಸಿದವರನ್ನು 'ಅಕ್ಕಿ ಕ್ರೈಸ್ತರು' ಎಂದು ಹೀಗಳೆಯುವ ಮಾತು ದೇಶದಾದ್ಯಂತ ಹಬ್ಬಿದ್ದೂ ಇಂಥ ಕ್ಷಾಮಗಳ ಸಂದರ್ಭದಲ್ಲೇ. 1892ರಲ್ಲಿ ಮೈಸೂರು ಅರಸರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಷಿಕಾಗೋದಲ್ಲಿ, ಹಸಿದವರಿಗೆ ಅನ್ನ ಬೇಕಾಗಿರುವಾಗ ಚರ್ಚುಗಳನ್ನು ಕಟ್ಟುತ್ತಿದ್ದೀರಿ ಎಂದು ಮಿಷನರಿಗಳನ್ನು ಆಕ್ಷೇಪಿಸಿದರು. ಅವರ ಮಾತು ಸರಿಯೇ. ಆದರೆ ಬೀದಿಯಲ್ಲಿ ಸಾಯುತ್ತಿದ್ದ ಮಗುವನ್ನು ಯಾವ ಮಠ, ಯಾವ ಅಗ್ರಹಾರ ಎತ್ತಿಕೊಂಡಿತು ಎಂದು ಕೇಳುವುದೂ ಅಷ್ಟೇ ನ್ಯಾಯವಾದದ್ದು.

ಆಸ್ಪತ್ರೆ ಮತ್ತು ಹಾಸ್ಟೆಲು

ವೆಸ್ಲಿಯನ್ ಮಿಷನ್ 1906ರಲ್ಲಿ ಮೈಸೂರಿನಲ್ಲಿ ಹೆಂಗಸರು-ಮಕ್ಕಳಿಗಾಗಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಸುತ್ತಲಿನ ತಾಲ್ಲೂಕುಗಳ ಜನರ ಬಾಯಲ್ಲಿ 'ಮಿಷನ್ ಆಸ್ಪತ್ರೆ' ಎಂದೇ ಉಳಿಯಿತು. ಆ ಕಾಲದ ಮಿಷನ್ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ರೋಗಿಗಳು ಕಾದು ಕುಳಿತಿರುವಾಗ ಬೈಬಲ್ ವಾಚನ, ಪ್ರಾರ್ಥನೆ ನಡೆಯುತ್ತಿದ್ದವು. ಕೇಳಿಸಿಕೊಂಡವರಲ್ಲಿ ಬಹುಪಾಲು ಜನ ಔಷಧಿ ಪಡೆದು ತಮ್ಮ ತಮ್ಮ ದೇವರ ಬಳಿಗೇ ಮರಳಿದರು. ಇದು ಷರತ್ತೇ? ಪ್ರಾರ್ಥನೆಗೆ ಕುಳಿತುಕೊಳ್ಳದವನಿಗೆ ಚೀಟಿ ಕೊಡದಿದ್ದರೆ ಷರತ್ತು. ಕೊಟ್ಟರೆ ಅಲ್ಲ.

ಇದೇ ಅಳತೆಗೋಲನ್ನು ನಮ್ಮ ಮಠಗಳಿಗೂ ಹಿಡಿಯಬೇಕಾಗುತ್ತದೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮೀಜಿ (1916-1986) ಅವರು ಹಳ್ಳಿಯ ಬಡ ವಿದ್ಯಾರ್ಥಿಗಳಿಗಾಗಿ ಮೈಸೂರಿನಲ್ಲಿ ಉಚಿತ ಊಟ-ವಸತಿಯ ಏರ್ಪಾಡು ಮಾಡಿ, 1954ರಲ್ಲಿ ಜೆಎಸ್ಎಸ್ ಮಹಾವಿದ್ಯಾಪೀಠವನ್ನು ಕಟ್ಟಿದರು. ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳೂ ಓದಿದ್ದಾರೆ. ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಹಲವು ಜಾತಿಗಳ ಜೋಡಿಗಳು ಒಂದೇ ಚಪ್ಪರದಡಿ ಹಸೆಮಣೆ ಏರುತ್ತವೆ. ತುಮಕೂರಿನ ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಎಲ್ಲ ಮತದ ಮಕ್ಕಳಿಗೂ ಅನ್ನ, ಅಕ್ಷರ ನೀಡಿದ್ದು ನಾಡಿಗೇ ಗೊತ್ತು. ಮಠದ ಹಾಸ್ಟೆಲಿನಲ್ಲಿ ಬೆಳಗ್ಗೆ-ಸಂಜೆ ಪ್ರಾರ್ಥನೆ ಇರುವುದು ವಾಡಿಕೆ. ಇದನ್ನು ಯಾರೂ ಆಮಿಷವೆಂದು ಕರೆಯುವುದಿಲ್ಲ, ಕರೆಯಲೂ ಬಾರದು. ಹಾಗಿದ್ದರೆ ಕಾನ್ವೆಂಟಿನ ಪ್ರಾರ್ಥನೆಗೂ ಮದರಸಾದ ಪಾಠಕ್ಕೂ ಅದೇ ನ್ಯಾಯ ಅನ್ವಯಿಸಬೇಕಲ್ಲವೇ?

ಕಾನೂನಿನ ಗೆರೆ

ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ. ಒಡಿಶಾ (1967) ಮತ್ತು ಮಧ್ಯಪ್ರದೇಶದ (1968) ಕಾಯ್ದೆಗಳ ಕುರಿತ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ, ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು.

ಕರ್ನಾಟಕದ ಮಸೂದೆ 2021ರ ಡಿಸೆಂಬರಿನಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆಯಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಗಿ ಜಾರಿಗೆ ಬಂತು. 2023ರ ಜೂನ್ 15ರಂದು ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಈ ಕಾಯ್ದೆಯಲ್ಲಿ 'ಆಮಿಷ'ದ ವ್ಯಾಖ್ಯೆ ಬಹು ವಿಸ್ತಾರವಾದದ್ದು. ನಗದು ಅಥವಾ ವಸ್ತುರೂಪದ ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆ-ಕಾಲೇಜಿನಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಜೀವನಶೈಲಿ ಇವೆಲ್ಲ ಅದರೊಳಗೆ ಬಂದವು. ಸಾಮಾನ್ಯ ಪ್ರಕರಣಕ್ಕೆ 3ರಿಂದ 5 ವರ್ಷ ಸೆರೆವಾಸ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ 10 ವರ್ಷದವರೆಗೆ. ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ದೂರನ್ನು ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ಕೊಡಬಹುದು. ತಪ್ಪಿಲ್ಲವೆಂದು ಸಾಬೀತುಪಡಿಸುವ ಹೊಣೆ ಮತಾಂತರ ಮಾಡಿಸಿದವರದು. ನಿಕಟಪೂರ್ವ ಮತಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ.

ಈ ಕೊನೆಯ ವಿನಾಯಿತಿ ಕಾಯ್ದೆಯ ದೌರ್ಬಲ್ಯವನ್ನು ಹೊರಗೆಡಹುತ್ತದೆ. ಮತ ಬಿಡಲು ಕೊಟ್ಟ ಅಕ್ಕಿ ಅಪರಾಧವಾದರೆ, ಮರಳಿ ಬರಲು ಕೊಟ್ಟ ಅಕ್ಕಿ ಹೇಗೆ ನಿರಪರಾಧ?

ತೆರಿಗೆ ಕಾನೂನು ಇದಕ್ಕಿಂತ ಚಾಣಾಕ್ಷವಾಗಿ ಈ ಗೆರೆಯನ್ನು ಎಳೆದಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ಸಾಮಾನ್ಯ ನಿಯಮದ ಪ್ರಕಾರ, ಒಂದೇ ಮತ ಅಥವಾ ಜಾತಿಯವರಿಗೆ ಅನುಕೂಲ ಮಾಡುವ ಸಂಸ್ಥೆಗೆ ಕೊಟ್ಟ ದೇಣಿಗೆಗೆ ರಿಯಾಯಿತಿ ಇರಲಿಲ್ಲ. ಧಾರ್ಮಿಕ ಸ್ವರೂಪದ ವೆಚ್ಚ ಸಂಸ್ಥೆಯ ವಾರ್ಷಿಕ ಆದಾಯದ ಶೇ 5ನ್ನು ಮೀರುವಂತಿರಲಿಲ್ಲ. ಅಲ್ಲಿ ಕೊಡುವವನ ಮನಸ್ಸನ್ನು ಕೆದಕುವ ಗೋಜಿಲ್ಲ. ಲೆಕ್ಕದ ಪುಸ್ತಕ ತೆರೆದರೆ ಸಾಕು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ (2010) ಕೂಡ ಆಮಿಷ ಅಥವಾ ಬಲವಂತದ ಮತಾಂತರಕ್ಕಾಗಿ ಮೊಕದ್ದಮೆಗೆ ಒಳಗಾದವರಿಗೆ ನೋಂದಣಿ ನಿರಾಕರಿಸುತ್ತದೆ.

ಸೇವಾ ಸಂಸ್ಥೆಗಳು ಸ್ವತಃ ಹಾಕಿಕೊಂಡ ನಿಯಮಗಳೂ ಇವೆ. ವಿಪತ್ತು ಪರಿಹಾರ ಕುರಿತ ರೆಡ್‌ಕ್ರಾಸ್ ಚಳವಳಿಯ 1994ರ ನೀತಿಸಂಹಿತೆಯು ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದೆಂದಿತು. ಪೋಪ್ 16ನೇ ಬೆನೆಡಿಕ್ಟ್ ತಮ್ಮ ಮೊದಲ ವಿಶ್ವಪತ್ರದಲ್ಲಿ (2005), ಪ್ರೀತಿ ಉಚಿತವಾದದ್ದು, ಅದನ್ನು ಮತಾಂತರದ ಸಾಧನವಾಗಿಸುವಂತಿಲ್ಲ ಎಂಬ ನಿಲುವು ತಳೆದರು. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಹಾಗೂ ಇವಾಂಜೆಲಿಕಲ್ ಒಕ್ಕೂಟ ಒಟ್ಟಾಗಿ ಹೊರಡಿಸಿದ ದಾಖಲೆ ಬಡತನವನ್ನು ದುರುಪಯೋಗಪಡಿಸುವ ಪ್ರಚಾರವನ್ನು ತಿರಸ್ಕರಿಸಿತು. ಕಾಗದದ ಮೇಲಿನ ಮಾತು ಹಳ್ಳಿಯ ಪ್ರಾರ್ಥನಾ ಮಂದಿರದವರೆಗೆ ತಲುಪಿದೆಯೇ ಎಂಬುದು ಬೇರೆ ವಿಚಾರ.

ಅನ್ನವಲ್ಲ, ಬಾಗಿಲು

ಈ ಎಲ್ಲ ಕಾನೂನು, ಸಂಹಿತೆಗಳ ಹಿಂದೆ ಒಂದು ಗ್ರಹಿಕೆ ಅಡಗಿದೆ: ಬಡವನ ಮತ ಮಾರಾಟಕ್ಕಿದೆ ಎಂಬ ಗ್ರಹಿಕೆ. ನಂಜನಗೂಡು ತಾಲ್ಲೂಕಿನ ಬದನವಾಳು ಇದನ್ನು ಪ್ರಶ್ನಿಸುತ್ತದೆ. ಗಾಂಧೀಜಿ ಭೇಟಿ ನೀಡಿದ ಖಾದಿ ಕೇಂದ್ರದಿಂದ ಹೆಸರಾದ ಈ ಹಳ್ಳಿಯಲ್ಲಿ, ಸಿದ್ದೇಶ್ವರ ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ಅಲ್ಲಿ ಕೇಳಿದ್ದು ಅಕ್ಕಿಯನ್ನಲ್ಲ, ದೇವಸ್ಥಾನದ ಬಾಗಿಲನ್ನು. ಡಾ. ಅಂಬೇಡ್ಕರ್ ಹಿಂದೂವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಯೇವಲಾದಲ್ಲಿ ಘೋಷಿಸಿದಾಗ ನಾನಾ ಮತಗಳ ಮುಖಂಡರು ಅವರನ್ನು ಆಹ್ವಾನಿಸಿದರು. ಅವರು 21 ವರ್ಷ ಅಧ್ಯಯನ ನಡೆಸಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ, ಕೈಯಲ್ಲಿ ಕೊಡಲು ಏನೂ ಇಲ್ಲದಿದ್ದ ಬೌದ್ಧ ಧರ್ಮವನ್ನು ಸ್ವೀಕರಿಸಿದರು.

ಆದ್ದರಿಂದ ಪ್ರಶ್ನೆಯನ್ನು ಕೊಡುವವನ ಉದ್ದೇಶದಿಂದ ಬಿಡಿಸಿ, ಪಡೆಯುವವನ ಸ್ವಾತಂತ್ರ್ಯಕ್ಕೆ ಜೋಡಿಸುವುದು ಒಳಿತೆಂದು ಈ ಲೇಖಕನ ಅನಿಸಿಕೆ. ಒಲ್ಲೆ ಎಂದವನಿಗೂ ನಾಳೆ ಅದೇ ಔಷಧಿ, ಅದೇ ಊಟ, ಅದೇ ಶಾಲೆ ಸಿಗುತ್ತದೆಯೇ? ಮತ ಬದಲಿಸಿ ಮತ್ತೆ ಹಿಂದಿರುಗಿದವನ ಮಗು ಹಾಸ್ಟೆಲಿನಲ್ಲಿ ಉಳಿಯುತ್ತದೆಯೇ? ಸಿಗುತ್ತದೆ, ಉಳಿಯುತ್ತದೆ ಎಂದಾದರೆ, ಕೊಡುವವನ ಎದೆಯಲ್ಲಿ ಯಾವ ಆಸೆಯಿದ್ದರೂ ಅದು ಅವನ ಪಾಲಿನದು. ನೆರವು ಪಡೆದವನು ಕೃತಜ್ಞತೆಯಿಂದ ಮನಸೋತು ಮತ ಬದಲಿಸಿದರೆ ಅದು ಅವನ ಹಕ್ಕು. ಸಿಗುವುದಿಲ್ಲವೆಂದಾದರೆ ಅದು ವ್ಯಾಪಾರ. ಚರ್ಚು, ಮಠ, ಮಸೀದಿ ಯಾವುದೇ ಮಾಡಿದರೂ.

ಇದೇ ಪರೀಕ್ಷೆಯನ್ನು ಸರ್ಕಾರಕ್ಕೆ ಒಡ್ಡಿದರೆ ಉತ್ತರ ಮುಜುಗರ ತರುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗಷ್ಟೇ ಆ ಸ್ಥಾನಮಾನ ನೀಡಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ಅಂದರೆ ತಿ.ನರಸೀಪುರದ ದಲಿತ ಯುವಕ ಬೌದ್ಧನಾದರೆ ಮೀಸಲಾತಿ ಉಳಿಯುತ್ತದೆ, ಕ್ರೈಸ್ತನೋ ಮುಸ್ಲಿಮನೋ ಆದರೆ ಪರಿಶಿಷ್ಟ ಜಾತಿಯ ಮೀಸಲಾತಿಯ ಜೊತೆಗೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಗುತ್ತದೆ. ಕೇರಿ ಅದೇ, ಊರಿನವರ ನೋಟವೂ ಅದೇ. ಇದನ್ನು ಪರಿಶೀಲಿಸಲು ಕೇಂದ್ರವು 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ.ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಂಬಿಕೆಯಿಲ್ಲದೆ ಕೇವಲ ಮೀಸಲಾತಿಗಾಗಿ ಮತ ಬದಲಿಸುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದಿತು. ಚರ್ಚಿಗೆ ಹೋಗುತ್ತಿದ್ದ ಆಕೆ, ಸರ್ಕಾರಿ ಕೆಲಸಕ್ಕಾಗಿ ತಾನು ಹಿಂದೂ ಎಂದು ಜಾತಿ ಪ್ರಮಾಣಪತ್ರ ಕೇಳಿದ್ದರು.